ತೀರವಿಹಾರ ಮೀಮಾಂಸೆ: ಗಂಗೊಳ್ಳಿ ಪ್ರಕರಣ

ಶಾಸ್ತ್ರಗ್ರಂಥಕ್ಕೆ ಕೈಹಾಕುವವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಪ್ರಕೃತ ವಿಷಯ: ವಿಹಾರದ ಹಡಗಿನಿಂದ ಬೆಳಿಗ್ಗೆ ಇಳಿದು ಸಂಜೆಗೆ ಮತ್ತೆ ಹತ್ತುವವರು ಊರು ನೋಡುವ ಬಗೆ. ಪ್ರಯೋಜನ: ಏನೂ ಇಲ್ಲ. ಸಂಬಂಧ: ಗಂಗೊಳ್ಳಿಗೆ ಅಂಥ ಹಡಗು ಬರುವುದಿಲ್ಲವಾಗಿ, ದೂರದ್ದು. ಅಧಿಕಾರಿಗಳು: ಬಂದರಿನ ಕಟ್ಟೆಯ ಮೇಲೆ ಕೆಲಸವಿಲ್ಲದೆ ಕೂತವರೆಲ್ಲರೂ.

ಪೂರ್ವಪಕ್ಷ ಪಣಂಬೂರಿನವರದು. 1974ರಲ್ಲಿ ಪ್ರಧಾನ ಬಂದರೆಂದು ಘೋಷಿತವಾದ ನವಮಂಗಳೂರಿನಲ್ಲೇ ವಿಹಾರದ ಹಡಗುಗಳು ನಿಲ್ಲುವುದರಿಂದ ತೀರವಿಹಾರವೆಂಬ ಶಾಸ್ತ್ರ ತಮ್ಮಲ್ಲೇ ಹುಟ್ಟಿತೆಂದು ಅವರ ವಾದ. ಪ್ರಮಾಣವಾಗಿ ಒಂದು ದಿನಚರಿಯನ್ನೂ ಮುಂದಿಡುತ್ತಾರೆ. ಇಳಿದವರಿಗೆ ಚೆಂಡೆ, ಯಕ್ಷಗಾನದ ವೇಷ, ಆಮೇಲೆ ಬಸ್ಸು. 1430ರ ಸಾವಿರ ಕಂಬದ ಬಸದಿಗೆ ಮೂಡುಬಿದಿರೆಯಲ್ಲಿ ಮುಕ್ಕಾಲು ಗಂಟೆ ಕೊಟ್ಟರೆನ್ನಿ, ಕಂಬವೊಂದಕ್ಕೆ ಮೂರು ಸೆಕೆಂಡೂ ಬೀಳುವುದಿಲ್ಲ. 1432ರಿಂದ ನಿಂತೇ ಇರುವ ಕಾರ್ಕಳದ 42 ಅಡಿಯ ಗೊಮ್ಮಟನಿಗೆ ಅಷ್ಟೂ ಬೇಡ, ಅವನು ಒಬ್ಬನೇ ತಾನೆ. ಗೇರುಬೀಜದ ಕಾರ್ಖಾನೆಗೆ ಮಾತ್ರ ಧಾರಾಳ ಸಮಯ, ಅಲ್ಲಿ ಮಾರಾಟವುಂಟು.

ಈ ವಾದ ನಿಲ್ಲುವುದಿಲ್ಲ. 14ನೆಯ ಶತಮಾನದಲ್ಲಿ ಹಡಗೇರಿ ಬಂದ ಇಬ್ನ್ ಬತೂತ ಬಸ್ರೂರು, ಬಾರ್ಕೂರುಗಳನ್ನು ಕಂಡು ಇಲ್ಲಿನ ಬಂದರುಗಳ ಪದ್ಧತಿಯೊಂದನ್ನು ಬರೆದಿಟ್ಟಿದ್ದಾನೆ. ಹಾದುಹೋಗುವ ಹಡಗು ಬಂದರಿಗೆ ಬಂದು ಅರಸನಿಗೆ ಕಾಣಿಕೆ ಒಪ್ಪಿಸಲೇಬೇಕು. ತಪ್ಪಿಸಿಕೊಂಡು ಹೋದರೆ ಬೆನ್ನಟ್ಟಿ ಎಳೆತಂದು ಇಮ್ಮಡಿ ವಸೂಲಿ. ಪ್ರವಾಸಿಗರನ್ನು ಆಕರ್ಷಿಸುವುದು ಹೇಗೆಂದು ಇಂದು ವಿಚಾರಸಂಕಿರಣ ನಡೆಸುತ್ತಾರೆ. ಅಂದು ದೋಣಿ ಕಳಿಸುತ್ತಿದ್ದರು.

ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿ ನೋಡಿ, ಕರಾವಳಿಗಿಳಿದು, ಮಂಗಳೂರಿಗೆ ಹೋಗಿ, ಕದ್ರಿಯ ಜೋಗಿಗಳ ಅರಸನನ್ನು ಕಂಡ. ಹಡಗಿನವರ ಬಸ್ಸು ಇಂದಿಗೂ ಕದ್ರಿಗೇ ಹೋಗುತ್ತದೆ. ನಾನೂರು ವರ್ಷದಲ್ಲಿ ರೂಟು ಬದಲಾಗದ ಬಸ್ಸು ರಾಜ್ಯದಲ್ಲಿ ಇದೊಂದೇ ಇದ್ದೀತು.

ಇನ್ನು 1665. ಶಿವಾಜಿ ಮಹಾರಾಜರು ಮಾಲ್ವಣದಿಂದ ನೌಕಾಪಡೆ ಕಟ್ಟಿಕೊಂಡು ಬಂದು ಬಸ್ರೂರಿನ ಸಂಪತ್ತನ್ನು ತುಂಬಿಕೊಂಡರು. ಮರಳುವಾಗ ಗೋಕರ್ಣದಲ್ಲಿ ಇಳಿದು ತೀರ್ಥಸ್ನಾನ ಮಾಡಿದರು. ಮೊದಲು ಪೇಟೆ, ಆಮೇಲೆ ದೇವಸ್ಥಾನ: ಈಗಿನ ಕಾರ್ಯಕ್ರಮದಲ್ಲಿ ಕ್ರಮ ಹಿಂದುಮುಂದಾಗಿದೆ, ಅಷ್ಟೆ. ಬಿಲ್ಲು ಕೇಳುವ ಧೈರ್ಯ ಮಾತ್ರ ಬಸ್ರೂರಿನಲ್ಲಿ ಯಾರಿಗೂ ಬಂದಂತಿಲ್ಲ.

ಆಕ್ಷೇಪ: ಇದೆಲ್ಲ ಬಸ್ರೂರಿನ ಕಥೆ, ಗಂಗೊಳ್ಳಿಗೇನು? ಸಮಾಧಾನ: ಬಸ್ರೂರು ವಾರಾಹಿಯ ದಂಡೆಯಲ್ಲಿದೆ. ವಾರಾಹಿ, ಚಕ್ರಾ, ಸೌಪರ್ಣಿಕಾ ಮುಂತಾದ ಐದು ಹೊಳೆಗಳು ಪಂಚಗಂಗಾವಳಿಯಾಗಿ ಕಡಲು ಸೇರುವುದು ಗಂಗೊಳ್ಳಿಯ ಅಳಿವೆಯಲ್ಲಿ. ನೋಡುವವರಾಗಲಿ ದೋಚುವವರಾಗಲಿ, ಹಡಗಿನಲ್ಲಿ ಬಂದವರು ಈ ಬಾಗಿಲಲ್ಲೇ ನುಗ್ಗಬೇಕು. ಬಾಗಿಲು ಕಾಯ್ದವರಿಗೆ ಚರಿತ್ರೆಯಲ್ಲಿ ಹೆಸರು ಬಾರದ್ದು ಬೇರೆ ಮಾತು.

ಆಗಮ ಸಾಕು, ಪ್ರತ್ಯಕ್ಷಕ್ಕೆ ಬರೋಣ. ಬೋಟು ಬಂದ ಹೊತ್ತಿಗೆ ಬಂದರಿಗೆ ಹೋಗಿ ನಿಲ್ಲಿ. ಬಾಕ್ಸಿನಿಂದ ಬಂಗುಡೆ ಸುರಿಯುತ್ತಾರೆ. ಬೆನ್ನು ನೀಲಿಹಸಿರು, ಹೊಟ್ಟೆ ಬೆಳ್ಳಿ, ಕಣ್ಣು ಇನ್ನೂ ಸ್ಪಷ್ಟ. ಐಸಿನ ನೀರು ಕಾಲಡಿಗೆ ಹರಿದು ಬರುತ್ತದೆ. ಏಲಂ ಕೂಗುವವನ ಬಾಯಿ ನಿಲ್ಲುವುದಿಲ್ಲ, ಗಿಡುಗಗಳು ತಲೆಯ ಮೇಲಿಂದ ಕೆಳಗಿಳಿಯುವುದು ನಿಲ್ಲುವುದಿಲ್ಲ. ನೀವು ಮೊಬೈಲು ಎತ್ತಿ ಚಿತ್ರ ತೆಗೆಯಲು ಹೊರಡುತ್ತೀರಿ. ಆಗ ಬುಟ್ಟಿಯ ಮುಂದೆ ಕೂತ ಹೆಂಗಸೊಬ್ಬಳು ತಲೆಯೆತ್ತದೆ ಕೇಳುತ್ತಾಳೆ: “ಕಾಂಬುಕ್ ಬಂದದ್ದಾ, ತಕಂಬುಕ್ ಬಂದದ್ದಾ?”

ಈ ಶಾಸ್ತ್ರದ ಮಹಾವಾಕ್ಯ ಇದೇ. ಹಡಗಿಳಿದು ಬರುವವರಲ್ಲಿ ಮೂರೇ ಜಾತಿ: ಕಾಣಲು ಬರುವವರು, ಕೊಳ್ಳಲು ಬರುವವರು, ಕೊಳ್ಳೆಹೊಡೆಯಲು ಬರುವವರು. ಇಟಲಿಯವನು ಮೊದಲನೆಯದು, ಅರಬರು, ಪೋರ್ಚುಗೀಸರು ಎರಡನೆಯದಾಗಿ ಬಂದವರು, ಪೋರ್ಚುಗೀಸರಿಗೆ ಬಡ್ತಿಯೂ ಸಿಕ್ಕಿತು. ಮೊದಲ ಜಾತಿಯವರಿಂದ ಊರಿಗೆ ಹಾನಿ ಕಡಿಮೆ, ಲಾಭ ಇನ್ನೂ ಕಡಿಮೆ.

ಗಂಗೊಳ್ಳಿಗೆ ದೊಡ್ಡ ಹಡಗು ಬಂದರೆ? ಬಾರದು. ಅಳಿವೆಯ ಹೂಳಿನಲ್ಲಿ ನಮ್ಮ ಟ್ರಾಲ್ ಬೋಟುಗಳೇ ದಾರಿ ಹುಡುಕಿಕೊಂಡು ಒಳಗೆ ಬರಬೇಕು. ಹಾಗೆಂದು ಸಮುದ್ರವಿಹಾರವಿಲ್ಲವೆ? ಉಂಟು. ಆಳಕಡಲಿಗೆ ಹೋದ ಬೋಟಿನವರು ವಾರ, ಹತ್ತು ದಿನ ನೀರಿನ ಮೇಲಿದ್ದು ಇಳಿಯುತ್ತಾರೆ. ಅವರ ತೀರವಿಹಾರ ಹೀಗೆ: ಸಿಹಿನೀರಿನಲ್ಲಿ ಸ್ನಾನ, ಕ್ಷೌರದಂಗಡಿ, ಬ್ಯಾಂಕು, ಮಗುವಿನ ಶಾಲೆಗೊಂದು ಭೇಟಿ, ಮನೆಯಾಕೆಯ ಚೀಟಿ ಹಿಡಿದು ಪೇಟೆ. ಮರುದಿನ ಡೀಸೆಲ್, ಐಸ್ ತುಂಬಿಸಿ ಮತ್ತೆ ಹೊರಡಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಇಷ್ಟು ದೀರ್ಘವಾದ ತೀರವಿಹಾರವನ್ನು ಯಾವ ವಿದೇಶಿ ಕಂಪೆನಿಯೂ ಏರ್ಪಡಿಸಿದ್ದಿಲ್ಲ. ಈ ಅವಧಿಯಲ್ಲಿ ಸಾಲ ಮಾಡುವ ಅನುಭವವೂ ಅದರಲ್ಲೇ ಸೇರಿದೆ.

ಕೊನೆಗೆ ಒಂದು ಶಿಫಾರಸು, ಸಂಬಂಧಪಟ್ಟವರ ಗಮನಕ್ಕೆ. ಬಂದರಿನಲ್ಲಿ ನಿಂತರೆ ಹೊಳೆಯಾಚೆ ಕುಂದಾಪುರ ಕಣ್ಣಿಗೆ ಕಾಣುತ್ತದೆ. ರಸ್ತೆಯಲ್ಲಿ ಹೋಗುವವರು ತ್ರಾಸಿಗೆ ಹೋಗಿ ಹೆದ್ದಾರಿ ಹಿಡಿದು ಸುತ್ತಿ ಬರಬೇಕು. ಇಲ್ಲಿಗೊಂದು ಸೇತುವೆ ಬೇಕೆಂಬ ಬೇಡಿಕೆ ಹಳೆಯದು. ವಿಹಾರದ ಹಡಗು ಪಣಂಬೂರಿನಲ್ಲೇ ಇರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಅಳಿವೆಯ ಹೂಳೆತ್ತಿಸಿ, ಸೇತುವೆ ಕಟ್ಟಿಸಿ.