ಬಿಲ್ಲು ಬಾರದ ಮನೆ

(ಚಿನ್ನದ ಗಣಿಯ ಊರಾದ ಕೆ.ಜಿ.ಎಫ್.ನ ನಂದಿದುರ್ಗ. ಕೈಯಲ್ಲಿ ನೀರಿನ ಬಿಲ್ಲು ಹಿಡಿದ ಯಜಮಾನರು, ಎದುರಿಗೆ ಮೀಟರಿನವ.)

ಯಜಮಾನ: ಮೂರು ಪಟ್ಟು! ನಲ್ಲಿಯಲ್ಲಿ ಬರುವುದು ನೀರೋ, ಬಂಗಾರವೋ?

ಮೀಟರಿನವ: ಬಂಗಾರ 2001ರಲ್ಲೇ ನಿಂತಿತಲ್ಲ ಸ್ವಾಮಿ. ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರ್ ನೋಡಿ.

ಯಜಮಾನ: ಮುಚ್ಚಿದೆ. ಮುಳ್ಳು ಓಡುತ್ತಲೇ ಇದೆ!

ಮೀಟರಿನವ: ಅಂದರೆ ಸೋರಿಕೆ. ಫ್ಲಶ್ ತೊಟ್ಟಿಗೆ ಬಣ್ಣ ಹಾಕಿ. ಒತ್ತದೆಯೇ ಕೆಳಗಿಳಿದರೆ ಕಳ್ಳ ಸಿಕ್ಕಿದ.

ಯಜಮಾನ: ಇಳಿಯಿತು! ಆದರೆ ಹಿಂದಿನ ಬಿಲ್ಲುಗಳು ಸಾಧುವಾಗಿದ್ದವಲ್ಲ?

ಮೀಟರಿನವ: ಗೇಟಿಗೆ ಬೀಗವಿತ್ತು, ಅಂದಾಜು ಬರೆದೆ. ಈಗ ನಿಜ ಓದಿದೆ. ಬಾಕಿಯೆಲ್ಲ ಒಟ್ಟಿಗೆ ಬಂತು. ಬಳಕೆ ಮೇಲಿನ ಹಂತ ಹತ್ತಿತು, ದರವೂ ಹಿಂದೆಯೇ ಹತ್ತಿತು.

ಯಜಮಾನ: ನಿಮ್ಮ ಅಂದಾಜಿಗೂ ನನಗೇ ದಂಡವೇ? ಬಿಲ್ಲೇ ಬಾರದ ಜಾಗ ಈ ಊರಲ್ಲಿ ಇಲ್ಲವೇ?

ಮೀಟರಿನವ: ಇದೆ, ಗಣಿಯ ಸುರಂಗ. ಪಂಪು ನಿಂತ ಮೇಲೆ ನೀರೋ ನೀರು. ಮೀಟರ್ ಓದಲು ಇಳಿಯುವವರು ಬೇಕಷ್ಟೆ!