ತೈಲಕುಲ ಮೀಮಾಂಸೆ: ಒಂದು ಕಿರು ಬೃಹತ್‌ಪ್ರಬಂಧ

ಬಂಕಿನ ಸಾಲಿನಲ್ಲಿ ನಿಂತವರು ಪೆಟ್ರೋಲಿನ ಬೆಲೆಯ ಮಾತೆತ್ತುತ್ತಾರೆಯೇ ಹೊರತು ಅದರ ಕುಲಗೋತ್ರ ವಿಚಾರಿಸುವುದಿಲ್ಲ. ವಿದ್ವಲ್ಲೋಕದ ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಕೊರತೆಯಿದೆಯೆಂದು ಯಾರೂ ದೂರಿರಲಿಲ್ಲ ಎಂಬುದು ಅಪ್ರಸ್ತುತ.

ಮೊದಲು ಪೂರ್ವಪಕ್ಷ. ಕಚ್ಚಾತೈಲವೆಂದರೆ ಡೈನೋಸಾರುಗಳ ಕೊಬ್ಬು ಎಂದು ಲೋಕ ನಂಬಿದೆ. ಡೈನೋಸಾರ್ ದೊಡ್ಡದು, ತೈಲವೂ ಬಹಳ. ಇದಕ್ಕಿಂತ ಪ್ರಮಾಣ ಬೇಕೆ? ಆದರೆ ಸಿದ್ಧಾಂತ ಬೇರೆ. ತೈಲದ ಮೂಲಪುರುಷರು ಬಹುಪಾಲು ಕಡಲಲ್ಲಿ ತೇಲುತ್ತಿದ್ದ ಪಾಚಿ, ಪ್ಲಾಂಕ್ಟನ್‌ಗಳಂಥ ಅಲ್ಪಜೀವಿಗಳು. ಸತ್ತು ತಳ ಸೇರಿದ ಮೇಲೆ, ಆಮ್ಲಜನಕವಿಲ್ಲದ ಕೆಸರಿನಲ್ಲಿ ನೆಟ್ಟಗೆ ಕೊಳೆಯುವ ಭಾಗ್ಯವೂ ಅವಕ್ಕೆ ಸಿಗಲಿಲ್ಲ. ಹೂತುಹೋಗಿ, ಒತ್ತಡಕ್ಕೆ ಸಿಕ್ಕಿ ಕೆರೊಜನ್ ಎಂಬ ಘನಪದಾರ್ಥವಾದವು. ಭೂಗರ್ಭದ 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ, ಕೋಟ್ಯಂತರ ವರ್ಷ ಕುಳಿತು ಎಣ್ಣೆಯಾದವು. ಶಾಖ 150 ದಾಟಿದರೆ ಎಣ್ಣೆಯೂ ಒಡೆದು ಅನಿಲವಾಗತೊಡಗುತ್ತದೆ. ಅತಿ ತಪಸ್ಸೂ ಒಳ್ಳೆಯದಲ್ಲ.

ಎಣ್ಣೆ ಹುಟ್ಟಿದ ಬಂಡೆಯಲ್ಲೇ ನಿಲ್ಲುವುದಿಲ್ಲ. ನೀರಿಗಿಂತ ಹಗುರವಾದ್ದರಿಂದ ಸಂದಿಗೊಂದಿಗಳಲ್ಲಿ ಮೇಲೇರಿ, ತೂರಲಾಗದ ಬಂಡೆ ಅಡ್ಡಬಂದಲ್ಲಿ ಬೀಡುಬಿಡುತ್ತದೆ. ಅಡ್ಡ ಬಾರದಿದ್ದರೆ ನೆಲದ ಮೇಲೇ ಜಿನುಗುತ್ತದೆ. ಅಸ್ಸಾಮಿನ ಡಿಗ್ಬಾಯಿಯಲ್ಲಿ ಮರ ಎಳೆಯುವ ಆನೆಗಳ ಕಾಲಿಗೆ ಎಣ್ಣೆ ಮೆತ್ತಿಕೊಂಡಿದ್ದೇ ಶೋಧಕ್ಕೆ ಕಾರಣವೆಂದು ಐತಿಹ್ಯ. 1889ರಲ್ಲಿ ಬಾವಿಯಲ್ಲಿ ಎಣ್ಣೆ ಸಿಕ್ಕಿತು. 1901ರಲ್ಲಿ ಶುದ್ಧೀಕರಣಾಗಾರವೂ ಎದ್ದಿತು. ಕ್ಷೇತ್ರಕಾರ್ಯ ಆನೆಯದು, ಕೀರ್ತಿ ಕಂಪನಿಯದು. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕುಲಭೇದ. ಕಚ್ಚಾತೈಲವನ್ನು ಸುಮಾರು 350 ಡಿಗ್ರಿಗೆ ಕಾಯಿಸಿ ಎತ್ತರದ ಗೋಪುರಕ್ಕೆ ಬಿಟ್ಟರೆ, 3-4 ಇಂಗಾಲದ ಎಲ್‌ಪಿಜಿ ತುದಿಗೇರುತ್ತದೆ. 5ರಿಂದ 12 ಇಂಗಾಲದ ಪೆಟ್ರೋಲ್ ಅದರ ಕೆಳಗೆ, ಆಮೇಲೆ ಸೀಮೆಎಣ್ಣೆ, ಡೀಸೆಲ್; ತಳದ ಶೇಷವೇ ಡಾಂಬರು. ಹಗುರವಾದವರು ಮೇಲೇರುವ, ತೂಕದವರು ರಸ್ತೆಗೆ ಬೀಳುವ ಈ ಪದ್ಧತಿ ಕಚೇರಿಗಳಿಂದ ಎರವಲು ತಂದದ್ದೆಂದು ಈ ಲೇಖಕನ ಮತ.

ಸೀಮೆಎಣ್ಣೆಯ ಹಣೆಬರಹ ಪ್ರತ್ಯೇಕ ಸಂಪುಟಕ್ಕೆ ಯೋಗ್ಯ. ಒಂದು ಕಾಲಕ್ಕೆ ಅದೇ ಪಟ್ಟದ ರಾಜ. ದೀಪಕ್ಕೆ ಒದಗದ ಪೆಟ್ರೋಲನ್ನು ಚೆಲ್ಲುತ್ತಿದ್ದುದೂ ಉಂಟು. ಕಾರು ಬಂದು ಪಟ್ಟ ಪಲ್ಲಟವಾಯಿತು. ಈಗ ಸೀಮೆಎಣ್ಣೆ ಮನೆತನದ ದಾಯಾದಿಗಳಲ್ಲಿ ಒಬ್ಬ ನೀಲಿ ಬಣ್ಣ ಹಚ್ಚಿಸಿಕೊಂಡು ಕೆಲವೆಡೆ ಇನ್ನೂ ರೇಷನ್ ಅಂಗಡಿಯ ಡ್ರಮ್ಮಿನಲ್ಲಿ ಕೂತಿದ್ದರೆ, ಇನ್ನೊಬ್ಬ ಜೆಟ್ ವಿಮಾನದಲ್ಲಿ ಹಾರುತ್ತಿದ್ದಾನೆ.

ಕೊನೆಗೆ ಸ್ವಭಾವಭೇದ. ಪೆಟ್ರೋಲ್ ಮುಂಗೋಪಿ, ಆದರೂ ಎಂಜಿನ್ನಿನಲ್ಲಿ ಕಿಡಿ ತಗುಲಿದರೇ ಹೊತ್ತಿಕೊಳ್ಳಬೇಕು. ಡೀಸೆಲ್ಲಿಗೆ ಕಿಡಿ ಬೇಡ, ಒತ್ತಿ ಕಾಯಿಸಿದ ಗಾಳಿಯೇ ಸಾಕು. ಪಂಪಿನ ಸವೆತ ತಡೆಯುವ ಜಿಡ್ಡು ಡೀಸೆಲ್ಲಿಗಿದೆ, ಪೆಟ್ರೋಲಿಗಿಲ್ಲ. ಆದ್ದರಿಂದ ವಾಚಕರಲ್ಲಿ ವಿನಂತಿ: ಡೀಸೆಲ್ ಗಾಡಿಗೆ ತಪ್ಪಿ ಪೆಟ್ರೋಲ್ ಬಿದ್ದರೆ ಕೀಲಿ ತಿರುಗಿಸಬೇಡಿ. ಪಕ್ಕಕ್ಕೆ ತಳ್ಳಿ, ಮೊದಲು ಟ್ಯಾಂಕ್ ಖಾಲಿ ಮಾಡಿಸಿ.