ಕಡ್ಡಿ ಮುರಿದಂತೆ

ಮಲೆನಾಡಿನ ಕೇರಿಗೊಬ್ಬರಾದರೂ ಸಾವಿತ್ರತ್ತೆ ಇದ್ದೇ ಇರುತ್ತಾರೆ. ಗೃಹಪ್ರವೇಶವಿರಲಿ, ವೈಕುಂಠ ಸಮಾರಾಧನೆಯಿರಲಿ, ಊಟ ಮುಗಿಸಿ ಕೈ ತೊಳೆಯಲು ಹೋದವರು ಹಿತ್ತಲಲ್ಲಿ ಕಾಣೆ. ಹೊರಡುವಾಗ ವ್ಯಾನಿಟಿ ಬ್ಯಾಗಿನ ಜಿಪ್ಪು ಮುಚ್ಚುವುದಿಲ್ಲ; ಒದ್ದೆ ಕರ್ಚೀಫು ಸುತ್ತಿಕೊಂಡ ಹೈಡ್ರಾಂಜಿಯಾ ಕಡ್ಡಿ ಇಣುಕುತ್ತಿರುತ್ತದೆ. "ಕೇಳಿ ತಂದಿದ್ದು ಹತ್ತಲ್ಲ ಮಾರಾಯ್ತಿ, ಕದ್ದಿದ್ದೇ ಬದುಕೋದು" ಎಂಬುದು ಅವರ ಸಸ್ಯಶಾಸ್ತ್ರ. ಅಗಲ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಗಂಟು ಮಣ್ಣೊಳಗೆ ಹೋಗುವಂತೆ ಮಳೆಗಾಲದಲ್ಲಿ ನೆರಳಿಗೆ ಊರಿದರೆ ಕೇಳಿ ತಂದಿದ್ದೂ ಬೇರು ಬಿಡುತ್ತದೆ. ಅವರೆದುರು ಹೇಳುವವರಾರು?

ಗಿಡ ಜಪಾನ್ ಮೂಲದ್ದು. ಅತ್ತೆಯ ಪ್ರಕಾರ ಮೂಲ ಅವರ ತವರುಮನೆ ಹಿತ್ತಲು.

ಮಾವ ಒಮ್ಮೆ ಉಪಕಾರಕ್ಕೆಂದು ಚಳಿಗಾಲದಲ್ಲಿ ಗಿಡ ಸವರಿಬಿಟ್ಟರು. ಹಳೇ ಟೊಂಗೆಯ ತುದಿಯಲ್ಲೇ ಮುಂದಿನ ಹೂವಿನ ಮೊಗ್ಗು ಅಡಗಿ ಕೂತಿರುತ್ತದೆ. ಕತ್ತರಿ ಆಡಿಸುವುದಿದ್ದರೆ ಹೂ ಬಾಡಿದ ಕೂಡಲೇ ಆಡಿಸಬೇಕು. ಆ ವರ್ಷ ಬರೀ ಎಲೆ. ಅಂದಿನಿಂದ ಮನೆಯ ಕತ್ತರಿಗಳೆಲ್ಲ ಟ್ರಂಕಿನೊಳಗೆ. ಮುಂಜಾಗ್ರತೆಗೆ ಅಡಕತ್ತರಿಯೂ ಒಳಗೆ ಹೋದದ್ದರಿಂದ ಮಾವ ಇಡೀ ಅಡಿಕೆಯನ್ನು ಹಲ್ಲಲ್ಲೇ ಒಡೆಯುತ್ತಾರೆ.

ಇದೆಲ್ಲ ಸಣ್ಣದು. ದೊಡ್ಡ ರಗಳೆ ಬಣ್ಣದ್ದು. ತವರಿನ ಅಸಲಿ ನೀಲಿಯ ಕಡ್ಡಿಯನ್ನು ಬೆಂಗಳೂರಿನ ಮಗಳಿಗೆ ಕೊಟ್ಟಿದ್ದರು. ಅಲ್ಲಿ ಅದು ಗುಲಾಬಿ ಬಣ್ಣದ ಹೂ ಬಿಟ್ಟಿತು. "ನಿಮ್ಮತ್ತೆ ಗಿಡ ಬದಲಾಯಿಸಿದಾರೆ ಕಣೇ" ಎಂದು ಫೋನಿನಲ್ಲೇ ತೀರ್ಪಾಯಿತು. ಅಳಿಯ ಇಂಜಿನಿಯರು, ತಾಯಿಯ ಮಾನ ಉಳಿಸಲು ವಿಜ್ಞಾನ ತಂದರು: ನಿಮ್ಮ ಕಡೆ ಮಳೆಗೆ ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿ, ಪಿಎಚ್ 5.5ಕ್ಕಿಂತ ಇಳಿದರೆ ಗಿಡಕ್ಕೆ ಅಲ್ಯೂಮಿನಿಯಂ ಸಿಕ್ಕಿ ಹೂ ನೀಲಿಯಾಗುತ್ತದೆ; ಇಲ್ಲಿ ಬೋರ್‌ವೆಲ್ಲಿನ ಗಡಸು ನೀರು, ಸಾಲದ್ದಕ್ಕೆ ಕಾಂಪೌಂಡಿನ ಸಿಮೆಂಟು.

ಅತ್ತೆ ಪೂರ್ತಿ ಕೇಳಿಸಿಕೊಂಡು ಕಡ್ಡಿ ಮುರಿದಂತೆ ಅಂದರು: "ಹಾಗಾದ್ರೆ ನಿಮ್ಮನೆ ಮಣ್ಣೇ ಸರಿ ಇಲ್ಲ ಅನ್ನಿ."

ಮರುದಿನದ ರಾತ್ರಿ ಬಸ್ಸಿಗೆ ಎರಡು ಚೀಲ ಗುಡ್ಡದ ಮಣ್ಣಿನೊಂದಿಗೆ ಖುದ್ದು ಹತ್ತಿದರು. ಅದೇ ಬೋರ್ ನೀರು ಹುಯ್ದರೆ ಆ ಮಣ್ಣೂ ಕೆಡುತ್ತದೆಂದು ಅಳಿಯ ಗೊಣಗಿದ್ದು ಯಾರಿಗೂ ಕೇಳಿಸಲಿಲ್ಲ. ಚೀಲದಲ್ಲೇನೆಂದು ಕೇಳಿದ ಕಂಡಕ್ಟರಿಗೆ "ಬಾಣಂತನದ ಸಾಮಾನು" ಎಂದರಂತೆ. ಆತ ಲಗೇಜು ಚೀಟಿ ಹರಿಯುವಷ್ಟರಲ್ಲಿ ಅವನ ಮನೆಯಂಗಳದಲ್ಲಿ ಯಾವ ಮಣ್ಣಿಗೂ ಬಣ್ಣ ಬದಲಿಸದ ಬಿಳಿ ಹೈಡ್ರಾಂಜಿಯಾ ಇರುವುದು ಪತ್ತೆಯಾಗಿದೆ. ಹಿತ್ತಲ ಬಾಗಿಲಿಗೆ ದಾರಿ ಯಾವ ಕಡೆಯಿಂದ ಎಂಬುದೂ.